ಕಾಡೊಳಗಿನ ಊರು ಎಂ.ಸಿ.ಹಳ್ಳಿಗೆ ಬಂದಿದ್ದು ಹೇಗೆ?

ಕಡೂರು, ತರೀಕೆರೆ, ಅಜ್ಜಂಪುರ ಕಡೆಯವರಿಗೆ ಭದ್ರಾ ಅಂದ್ರೆ ಮೊದಲು ನೆನಪಾಗೋದು ಲಕ್ಕವಳ್ಳಿ ಡ್ಯಾಮು, ಆಮೇಲೆ ಹುಲಿ. ಆ ಹುಲಿ ಕಾಡಿನೊಳಗೆ ಊರುಗಳೂ ಇದ್ದವು, ಅಲ್ಲಿನ ಬಹಳಷ್ಟು ಜನ ಈಗ ತರೀಕೆರೆ ತಾಲ್ಲೂಕಿನ ಎಂ.ಸಿ.ಹಳ್ಳಿಯಲ್ಲಿದ್ದಾರೆ ಅನ್ನೋದು ನನ್ನ ವಯಸ್ಸಿನ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಆದರೆ ಒಳಗಿನ ಊರುಗಳನ್ನು ಸ್ಥಳಾಂತರಿಸುವ ಮಾತು ಅದಕ್ಕೂ ಎಷ್ಟೋ ವರ್ಷ ಮುಂಚಿನದು. ಜನ ಸುಖವಾಗೇನೂ ಇರಲಿಲ್ಲ. ಬೆಳೆದ ಭತ್ತಕ್ಕೆ ಆನೆ, ಹಂದಿ ಕಾಟ. ಅಭಯಾರಣ್ಯ ಅಂದ ಮೇಲೆ ರಸ್ತೆ, ಕರೆಂಟು ಬರೋದೂ ಕಷ್ಟ. ಹಾಗಂತ 'ಎದ್ದು ಹೊರಡಿ' ಅಂದ್ರೆ ಯಾರು ಹೊರಡ್ತಾರೆ? ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ಶರಾವತಿಗೆ ಮನೆ-ಗದ್ದೆ ಬಿಟ್ಟುಕೊಟ್ಟವರು ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿದ್ದಾರೆ. ಅದನ್ನು ನೋಡಿದ ಮಲೆನಾಡಿನವರು ಸರ್ಕಾರದ ಬರೀ ಮಾತು ನಂಬೋದು ಸುಲಭ ಅಲ್ಲ.

ಕೊನೆಗೆ 2001-02ರಲ್ಲಿ 419 ಕುಟುಂಬಗಳು ಕಾಡಿನಿಂದ ಹೊರಬಂದವು. ಹೆಚ್ಚಿನವರು ಎಂ.ಸಿ.ಹಳ್ಳಿಗೆ, ಉಳಿದವರು ಕಾಫಿ ಸೀಮೆಯ ಕೆಳಗೂರಿಗೆ. ಜನರ ಮತ್ತು ಇಲಾಖೆಯ ನಡುವೆ ಚಿಕ್ಕಮಗಳೂರಿನ ಡಿ.ವಿ. ಗಿರೀಶ್ ಅವರಂಥ ವನ್ಯಜೀವಿ ಕಾರ್ಯಕರ್ತರು ನಿಂತರು. ಸಿಕ್ಕಿದ್ದು ಬರೀ ದುಡ್ಡಲ್ಲ: ಉಳುವ ಜಮೀನು, ಮನೆ, ಕರೆಂಟು, ನೀರು, ಶಾಲೆ. ಸಂಶೋಧಕಿ ಕೃತಿ ಕಾರಂತ್ 2002ರಲ್ಲಿ ಒಮ್ಮೆ, 2006ರಲ್ಲಿ ಇನ್ನೊಮ್ಮೆ ಈ ಕುಟುಂಬಗಳ ಸಮೀಕ್ಷೆ ಮಾಡಿದ್ದಾರೆ. ದೇಶದಲ್ಲಿ ಚೆನ್ನಾಗಿ ನಡೆದ ಕೆಲವೇ ಪುನರ್ವಸತಿಗಳ ಸಾಲಿನಲ್ಲಿ ಭದ್ರಾ ಹೆಸರು ಬರುತ್ತೆ.

ಗುಟ್ಟೇನು? ನನಗೆ ಕಂಡಂತೆ ಒಂದೇ: ಹೋಗುವ ಜಾಗ ಯಾವುದು ಅನ್ನೋದು ಮೊದಲು ಗೊತ್ತಿತ್ತು.

ಅದು ಗೊತ್ತಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಹಾಂಗ್‌ಕಾಂಗ್ ನೋಡಿ. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ ದೋಣಿ ಹತ್ತಿ ಆ ಪುಟ್ಟ ಪ್ರದೇಶಕ್ಕೆ ಬಂದವರು ಎರಡು ಲಕ್ಷಕ್ಕೂ ಹೆಚ್ಚು. ಹಾಂಗ್‌ಕಾಂಗಿಗೆ ಜಾಗ ಸಾಲದು, ವಿಯೆಟ್ನಾಮಿಗೆ ವಾಪಸ್ ಹೋಗಲು ಜನಕ್ಕೆ ಮನಸ್ಸಿಲ್ಲ, ಅಮೆರಿಕ-ಕೆನಡಾ-ಆಸ್ಟ್ರೇಲಿಯಾ ತೆಗೆದುಕೊಂಡಷ್ಟೇ. 1988ರಿಂದ ಒಬ್ಬೊಬ್ಬರನ್ನೂ ವಿಚಾರಿಸಿ 'ನೀನು ನಿರಾಶ್ರಿತ, ನೀನಲ್ಲ' ಅಂತ ಬೇರ್ಪಡಿಸತೊಡಗಿದರು. 1989ರಲ್ಲಿ ಜಿನೀವಾದಲ್ಲಿ ದೇಶಗಳೆಲ್ಲ ಕೂತು ಒಪ್ಪಂದ ಮಾಡಿಕೊಂಡವು. ಆದರೂ ಬೇಲಿಯೊಳಗಿನ ಶಿಬಿರಗಳಲ್ಲೇ ಎಷ್ಟೋ ಮಕ್ಕಳು ಹುಟ್ಟಿ ಬೆಳೆದವು. ಕೊನೆಗೆ ಉಳಿದ ಸುಮಾರು 1,400 ಜನಕ್ಕೆ ಅಲ್ಲೇ ಇರಲು ಅನುಮತಿ ಸಿಕ್ಕಿದ್ದು 2000ನೇ ಇಸವಿಯಲ್ಲಿ. ಇಪ್ಪತ್ತೈದು ವರ್ಷ!

ನಮ್ಮಲ್ಲೇ ಬೈಲಕುಪ್ಪೆ ಇದಕ್ಕೆ ಉಲ್ಟಾ. 1960ರ ಸುಮಾರಿಗೆ ಮೈಸೂರು ರಾಜ್ಯ ಟಿಬೆಟಿಯನ್ನರಿಗೆ ಸುಮಾರು 3,000 ಎಕರೆ ಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆಯೋದು ಸುಲಭ ಆಗಿರಲಿಲ್ಲ. ಆದರೆ ಕಾಲಿಡಲು ಒಂದು ನೆಲ ಇತ್ತು.

ಭದ್ರಾದವರು ದೇಶ ಬಿಟ್ಟವರಲ್ಲ, ನಿರಾಶ್ರಿತರು ಅನ್ನೋ ಪದವೂ ಅವರಿಗೆ ಸಲ್ಲದು. ಆದರೂ ಪ್ರಶ್ನೆ ಒಂದೇ: ಇಲ್ಲಿಂದ ಎಲ್ಲಿಗೆ? ಈಗ ಮಾತುಕತೆ ಶುರುವಾಗೋದೇ ದುಡ್ಡಿನಿಂದ. ಹುಲಿ ಮೀಸಲು ಪ್ರದೇಶ ಬಿಟ್ಟು ಬರುವ ಕುಟುಂಬಕ್ಕೆ ಕೇಂದ್ರ 2008ರಲ್ಲಿ 10 ಲಕ್ಷ ಗೊತ್ತು ಮಾಡಿತ್ತು, 2021ರಲ್ಲಿ ಅದು 15 ಲಕ್ಷ ಆಯ್ತು. ಇವತ್ತಿನ ರೇಟಿಗೆ ಆ ದುಡ್ಡಲ್ಲಿ ಎಷ್ಟು ತೋಟ ಬರುತ್ತೆ ಅಂತ ತರೀಕೆರೆಯಲ್ಲಿ ಯಾರನ್ನಾದ್ರೂ ಕೇಳಿ, ಹೇಳ್ತಾರೆ.

ನಮ್ಮದೇ ಜಿಲ್ಲೆಯ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೂ ಕುಟುಂಬಗಳಿವೆ. ಅವರು ಸಹಿ ಹಾಕೋ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಎಂ.ಸಿ.ಹಳ್ಳಿಗೆ ಬಂದು ಹೋಗಲಿ. ಏನು ಸಿಕ್ತು, ಏನು ತಪ್ಪಿತು, ಪಹಣಿ ಯಾರ ಹೆಸರಿಗಾಯ್ತು, ಕಾಡು ಬಿಟ್ಟ ಮೇಲೆ ಹಿರಿಯರು ಹೇಗಿದ್ದಾರೆ ಅಂತ ಕೇಳಲಿ. ಇಂಥ ಪ್ರಶ್ನೆಗೆ ಕಚೇರಿಯ ಫೈಲಿಗಿಂತ ಆ ಜಗಲಿಗಳಲ್ಲೇ ಸರಿಯಾದ ಉತ್ತರ ಸಿಗುತ್ತೆ.