ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಶಸ್ತ್ರಚಿಕಿತ್ಸೆ: ಸ್ನಾಯು ಸೆಡೆತದ ನಿರ್ವಹಣೆ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ಮೆದುಳು ಮತ್ತು ಬೆನ್ನುಹುರಿಯ ನರತಂತುಗಳನ್ನು ಆವರಿಸಿರುವ ಮಯಲಿನ್ ಪೊರೆಗೆ ಹಾನಿಯಾಗುವ ಕಾಯಿಲೆ. ಮೆದುಳಿನಿಂದ ಕೆಳಗಿಳಿಯುವ ನಿಯಂತ್ರಕ ಸಂಕೇತಗಳು ಇದರಿಂದ ಕುಂದುತ್ತವೆ. ಆಗ ಬೆನ್ನುಹುರಿಯ ಪ್ರತಿವರ್ತನಗಳು ಅತಿಯಾಗಿ ಸ್ನಾಯುಗಳು ಬಿಗಿಯುತ್ತವೆ. ಈ ಸ್ಥಿತಿಯೇ ಸ್ಪಾಸ್ಟಿಸಿಟಿ ಅಥವಾ ಸ್ನಾಯು ಸೆಡೆತ. ಯಾವುದೇ ಕಾರಣಕ್ಕೆ ಶಸ್ತ್ರಚಿಕಿತ್ಸೆ ನಡೆಯುವಾಗ ಇದರ ಔಷಧೋಪಚಾರಕ್ಕೆ ವಿಶೇಷ ಗಮನ ಬೇಕಾಗುತ್ತದೆ.

ಬ್ಯಾಕ್ಲೋಫೆನ್

ಸೆಡೆತಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಔಷಧ ಬ್ಯಾಕ್ಲೋಫೆನ್. ಇದನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕರ. ಸೆಡೆತ ಮೊದಲಿಗಿಂತ ತೀವ್ರವಾಗಿ ಮರಳುವುದಲ್ಲದೆ ಭ್ರಮೆ, ಜ್ವರ, ಸೆಳವು ಉಂಟಾಗಬಹುದು. ತೀವ್ರ ಸಂದರ್ಭಗಳಲ್ಲಿ ಸ್ನಾಯುಕೋಶಗಳು ಒಡೆದು ಸಾವು ಸಂಭವಿಸಬಹುದು. ಶಸ್ತ್ರಚಿಕಿತ್ಸೆಯ ನಂತರ ಈ ಲಕ್ಷಣಗಳು ಕಂಡುಬಂದರೆ ಅವು ಸೋಂಕಿನವೆಂದು ತಪ್ಪಾಗಿ ಭಾವಿಸುವ ಸಾಧ್ಯತೆ ಹೆಚ್ಚು. ಆದ್ದರಿಂದ ಉಪವಾಸದ ದಿನವೂ ಬೆಳಗಿನ ಮಾತ್ರೆಯನ್ನು ಒಂದು ಗುಟುಕು ನೀರಿನೊಡನೆ ಕೊಡುವುದು ರೂಢಿ. ನುಂಗಲಾಗದವರಿಗೆ ಮೂಗಿನ ನಳಿಕೆಯ ಮೂಲಕ ಕೊಡಬಹುದು; ಅದೂ ಸಾಧ್ಯವಾಗದಿದ್ದರೆ ತಾತ್ಕಾಲಿಕವಾಗಿ ಡಯಾಜೆಪಾಮ್‌ನಂತಹ ಔಷಧಗಳ ನೆರವು ಪಡೆಯಲಾಗುತ್ತದೆ. ಬ್ಯಾಕ್ಲೋಫೆನ್ ಬಹುಪಾಲು ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ ಅವು ದುರ್ಬಲವಾಗಿದ್ದರೆ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.

ಕೆಲವರ ಹೊಟ್ಟೆಯ ಚರ್ಮದಡಿಯಲ್ಲಿ ಪಂಪ್ ಇರಿಸಿ, ಕೊಳವೆಯ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ನೇರವಾಗಿ ಬ್ಯಾಕ್ಲೋಫೆನ್ ಹರಿಸಲಾಗುತ್ತದೆ. ಈ ಪಂಪ್ ನಿಂತರೆ ಅಥವಾ ಬರಿದಾದರೆ ಉಂಟಾಗುವ ಪರಿಣಾಮ ಮಾತ್ರೆ ತಪ್ಪಿದಾಗಿನದಕ್ಕಿಂತ ಗಂಭೀರ. ಅದರಲ್ಲಿ ಎಷ್ಟು ಔಷಧ ಉಳಿದಿದೆ, ಕೊಳವೆ ಯಾವ ದಾರಿಯಲ್ಲಿ ಸಾಗಿದೆ ಎಂಬುದನ್ನು ಶಸ್ತ್ರವೈದ್ಯರೂ ಅರಿವಳಿಕೆ ತಜ್ಞರೂ ಮೊದಲೇ ತಿಳಿದಿರಬೇಕು. ಹೊಟ್ಟೆ ಕೊಯ್ಯುವಾಗ ಅಥವಾ ಬೆನ್ನಿಗೆ ಅರಿವಳಿಕೆಯ ಸೂಜಿ ಚುಚ್ಚುವಾಗ ಕೊಳವೆಗೆ ಪೆಟ್ಟಾಗಬಹುದು.

ಅರಿವಳಿಕೆ ಮತ್ತು ನಂತರದ ಆರೈಕೆ

ದೀರ್ಘಕಾಲ ಚಲನೆ ಕುಂದಿರುವ ರೋಗಿಗಳಲ್ಲಿ ಸಕ್ಸಿನೈಲ್‌ಕೋಲೀನ್ ಎಂಬ ಸ್ನಾಯು ಸಡಿಲಕವು ರಕ್ತದ ಪೊಟ್ಯಾಸಿಯಂ ಅನ್ನು ಅಪಾಯಕರ ಮಟ್ಟಕ್ಕೆ ಏರಿಸಬಲ್ಲದು. ಹಾಗಾಗಿ ಅದನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ದೇಹದ ಉಷ್ಣತೆ ಸ್ವಲ್ಪ ಏರಿದರೂ ಕಾಯಿಲೆಯ ಲಕ್ಷಣಗಳು ಹೆಚ್ಚುವ ಕಾರಣ ಜ್ವರವನ್ನು ಕಡೆಗಣಿಸುವಂತಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಸೆಡೆತ ಏಕಾಏಕಿ ಹೆಚ್ಚಿದಾಗ ಔಷಧದ ಪ್ರಮಾಣ ಏರಿಸುವ ಮುನ್ನ ಕಾರಣ ಹುಡುಕುವುದು ಲೇಸು. ತುಂಬಿದ ಮೂತ್ರಕೋಶ, ಮಲಬದ್ಧತೆ, ಮೂತ್ರದ ಸೋಂಕು, ಒತ್ತಡದ ಹುಣ್ಣು, ಶಮನವಾಗದ ನೋವು ಇವೆಲ್ಲವೂ ಸೆಡೆತವನ್ನು ಕೆರಳಿಸುತ್ತವೆ. ನೋವಿಗೆಂದು ಕೊಡುವ ಓಪಿಯಾಯ್ಡ್‌ಗಳು ಬ್ಯಾಕ್ಲೋಫೆನ್‌ನೊಡನೆ ಸೇರಿದರೆ ಮಂಪರು ಹೆಚ್ಚಿ ಉಸಿರಾಟ ಕುಗ್ಗಬಹುದು. ಸೆಡೆತವನ್ನು ಪೂರ್ತಿಯಾಗಿ ಇಲ್ಲವಾಗಿಸುವುದೂ ಯಾವಾಗಲೂ ಹಿತವಲ್ಲ. ಬಲ ಕುಂದಿದ ಕಾಲುಗಳ ಬಿಗಿತವನ್ನೇ ಆಧಾರವಾಗಿಸಿಕೊಂಡು ಎದ್ದು ನಿಲ್ಲುವ ರೋಗಿಗಳಿದ್ದಾರೆ.