ಕೆಂಪು ಹೊಲದ ಮೂರಡಿ ಕೆಳಗೆ

ಪಹಣಿಯಲ್ಲಿ ‘ಮಣ್ಣಿನ ನಮೂನೆ’ ಎಂಬ ಕಾಲಂ ಒಂದಿದೆ. ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು, ರಾಮನಗರ ಭಾಗದ ಪಹಣಿಗಳಲ್ಲಿ ಆ ಕಾಲಂ ಎದುರು ಸಾಮಾನ್ಯವಾಗಿ ಕಾಣುವುದು ‘ಕೆಂಪು’ ಎಂಬ ಒಂದು ಪದ. ಹೊಲ ದಿಣ್ಣೆಯ ನೆತ್ತಿಯ ಮೇಲಿರಲಿ, ಇಳಿಜಾರಿನಲ್ಲಿರಲಿ, ಗರಸು ತುಂಬಿದ ಒಂದಡಿ ಮಣ್ಣಿರಲಿ, ಐದಡಿ ಆಳದ ಮಣ್ಣಿರಲಿ, ಎಲ್ಲಕ್ಕೂ ಅದೇ ಪದ. ಸಾಲ ಕೊಡುವವರು, ಜಮೀನು ಕೊಳ್ಳುವವರು, ತೋಟ ಎಬ್ಬಿಸಲು ಹೊರಟವರು ಅದನ್ನೇ ನಂಬಿ ಮುಂದಕ್ಕೆ ಹೋಗುತ್ತಾರೆ. ದಕ್ಷಿಣ ಕರ್ನಾಟಕದ ಬೆದ್ದಲು ಹೊಲಗಳ ಗುಣವನ್ನು ನಿರ್ಧರಿಸುವುದು ಕಣ್ಣಿಗೆ ಕಾಣುವ ಈ ಬಣ್ಣವಲ್ಲ, ಅದರ ಅಡಿಯಲ್ಲಿ ಕೂತಿರುವ ಜೇಡಿಯ ಪದರ. ಅದನ್ನು ಬಗೆದು ನೋಡುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ.

ಈ ಮಣ್ಣಿನ ತಾಯಿ ಯಾವುದೆಂದು ನೋಡಬೇಕಾದರೆ ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮುಂದೆ ನಿಂತರೆ ಸಾಕು. ಸುಮಾರು 300 ಕೋಟಿ ವರ್ಷ ಹಳೆಯ ಆ ನೈಸ್ ಶಿಲೆಯಲ್ಲಿ ಬಿಳಿ, ಬೂದು, ಕಪ್ಪು ಪಟ್ಟೆಗಳು ಕಾಣುತ್ತವೆ. ಅದರಲ್ಲಿರುವ ಮುಖ್ಯ ಖನಿಜಗಳು ಮಳೆ ಬಿಸಿಲಿಗೆ ಒಂದೊಂದು ರೀತಿಯಲ್ಲಿ ಸ್ಪಂದಿಸುತ್ತವೆ. ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್, ಸುಲಭಕ್ಕೆ ಕರಗುವುದಿಲ್ಲ. ಒಡೆದು ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ತನ್ನೊಳಗಿನ ಪೊಟ್ಯಾಶ್, ಸುಣ್ಣ, ಸೋಡಿಯಂಗಳನ್ನು ನೀರಿಗೆ ಬಿಟ್ಟುಕೊಟ್ಟು ಕೆಯೋಲಿನೈಟ್ ಎಂಬ ಜೇಡಿಯಾಗುತ್ತದೆ. ಕಪ್ಪು ಅಭ್ರಕ ಮತ್ತು ಹಾರ್ನ್‌ಬ್ಲೆಂಡ್ ಕೊಳೆತಾಗ ಕಬ್ಬಿಣ ಬಿಡುಗಡೆಯಾಗುತ್ತದೆ. ಹಾಗಾಗಿಯೇ ನಮ್ಮ ಕೆಮ್ಮಣ್ಣಿನಲ್ಲಿ ದಪ್ಪ ಮರಳು ಇರುತ್ತದೆ, ಅತಿ ನಯವಾದ ಜೇಡಿ ಇರುತ್ತದೆ, ನಡುವಿನ ಗಾತ್ರದ ರೇವೆಯ ಕಣ ಮಾತ್ರ ಕಡಿಮೆ. ನದಿ ತಂದು ಹಾಕಿದ ಮಣ್ಣಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಬಿಡುಗಡೆಯಾದ ಕಬ್ಬಿಣ ಯಾವ ಬಣ್ಣ ತಾಳುತ್ತದೆ ಎಂಬುದು ನೀರಿನ ಮೇಲೆ ನಿಂತಿದೆ. ದಿಣ್ಣೆಯ ಮೇಲೆ ನೀರು ನಿಲ್ಲುವುದಿಲ್ಲ, ಗಾಳಿ ಚೆನ್ನಾಗಿ ಆಡುತ್ತದೆ, ಬೇಸಿಗೆಯಲ್ಲಿ ನೆಲ ಪೂರ್ತಿ ಒಣಗುತ್ತದೆ. ಅಲ್ಲಿ ಕಬ್ಬಿಣ ಹೆಮಟೈಟ್ ಆಗಿ ಮಣ್ಣು ಕಡುಗೆಂಪಾಗುತ್ತದೆ. ನೂರಕ್ಕೆ ಒಂದೆರಡು ಪಾಲು ಹೆಮಟೈಟ್ ಇದ್ದರೂ ಇಡೀ ಮಣ್ಣನ್ನು ಕೆಂಪಾಗಿಸಲು ಸಾಕು. ಇಳಿಜಾರಿನಲ್ಲಿ ಕೆಳಗಿಳಿದಂತೆ ತೇವ ಹೆಚ್ಚಿ ಕಬ್ಬಿಣ ಗೋಥೈಟ್ ರೂಪ ತಾಳಿ ಮಣ್ಣು ಹಳದಿ ಬೆರೆತ ಕಂದಾಗುತ್ತದೆ. ತಗ್ಗಿನಲ್ಲಿ, ಕೆರೆಯ ಹಿಂದಿನ ಗದ್ದೆ ಬಯಲಿನಲ್ಲಿ, ನೀರು ನಿಂತು ಉಸಿರುಗಟ್ಟಿದ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ಬಂಡೆಯಿಂದ ಹುಟ್ಟಿದ ಮಣ್ಣು ಒಂದೇ ಇಳಿಜಾರಿನಲ್ಲಿ ಹೀಗೆ ಸರಪಳಿಯಂತೆ ಬದಲಾಗುವುದನ್ನು ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ಜೆಫ್ರಿ ಮಿಲ್ನೆ 1935ರಲ್ಲಿ ‘ಕ್ಯಾಟೆನಾ’ ಎಂದು ಕರೆದರು. ಮೇಲಿನ ಹೊಲದಲ್ಲಿ ರಾಗಿ, ಕೆಳಗಿನ ಗದ್ದೆಯಲ್ಲಿ ಭತ್ತ ಎಂದು ಹಂಚಿಟ್ಟ ನಮ್ಮ ಹಳ್ಳಿಗಳಿಗೆ ಇದರ ಅನುಭವ ಅದಕ್ಕಿಂತ ಬಹಳ ಹಿಂದಿನಿಂದ ಇತ್ತು.

ಈಗ ಗುಂಡಿಗೆ ಇಳಿಯೋಣ. ದಿಣ್ಣೆಯ ಮೇಲಿನ ಆಳವಾದ ಕೆಂಪು ಹೊಲದಲ್ಲಿ ನಾಲ್ಕೈದು ಅಡಿ ಅಗೆದರೆ ಮೇಲಿನ ಅರ್ಧ ಮುಕ್ಕಾಲು ಅಡಿ ಸಡಿಲವಾಗಿರುತ್ತದೆ, ಮರಳು ಮರಳಾಗಿ ಕೈಯಿಂದ ಜಾರುತ್ತದೆ. ಅದರ ಕೆಳಗೆ ಹಾರೆಯ ಸದ್ದೇ ಬದಲಾಗುತ್ತದೆ. ಮಣ್ಣು ಇನ್ನೂ ಕೆಂಪಾಗಿ, ಬಿಗಿಯಾಗಿ, ಕೋನ ಕೋನದ ಹೆಂಟೆಗಳಾಗಿ ಬರುತ್ತದೆ. ಒಂದು ಹೆಂಟೆಯನ್ನು ಒಡೆದು ಬಿಸಿಲಿಗೆ ಹಿಡಿದರೆ ಅದರ ಮೈಮೇಲೆ ತೆಳು ಮೇಣ ಸವರಿದಂಥ ಹೊಳಪು ಕಾಣುತ್ತದೆ. ಸಾವಿರಾರು ವರ್ಷಗಳ ಮಳೆನೀರು ಮೇಲ್ಪದರದ ಜೇಡಿ ಕಣಗಳನ್ನು ಹೊತ್ತು ಕೆಳಗಿಳಿದು, ಬಿರುಕು ಮತ್ತು ಬೇರಿನ ರಂಧ್ರಗಳ ಗೋಡೆಗೆ ಹಚ್ಚಿದ ಲೇಪ ಅದು. ಮಣ್ಣು ವಿಜ್ಞಾನಿಗಳು ಇದನ್ನು ‘ಆರ್ಜಿಲಿಕ್’ ಪದರ ಎನ್ನುತ್ತಾರೆ. ಅದಕ್ಕೆ ಅಳತೆಯೂ ಇದೆ. ಮೇಲ್ಪದರದಲ್ಲಿ ಜೇಡಿ ನೂರಕ್ಕೆ 15ರಿಂದ 40ರೊಳಗಿದ್ದರೆ, ಕೆಳಪದರದಲ್ಲಿ ಅದರ 1.2 ಪಟ್ಟಾದರೂ ಇರಬೇಕು. ನಮ್ಮ ಕೆಂಪು ಹೊಲಗಳಲ್ಲಿ ಮೇಲೆ ಇಪ್ಪತ್ತರ ಆಸುಪಾಸು ಇರುವ ಜೇಡಿ ಕೆಳಗೆ ನಲವತ್ತರ ಹತ್ತಿರ ಹೋಗುವುದು ಅಪರೂಪವೇನಲ್ಲ.

ಈ ಜೇಡಿಯನ್ನು ಯಾರಿಗೂ ಕಾಯದೆ ಮೇಲಕ್ಕೆ ತರುವ ಕೆಲಸಗಾರರೂ ಹೊಲದಲ್ಲೇ ಇದ್ದಾರೆ. ಗೆದ್ದಲುಗಳು ಕೆಳಗಿನ ನಯವಾದ ಮಣ್ಣನ್ನು ಹೊತ್ತು ತಂದು ಹುತ್ತ ಕಟ್ಟುತ್ತವೆ. ಗೋಡೆಗೆ, ಒಲೆಗೆ, ಕಣ ಸಾರಿಸಲು ಹುತ್ತದ ಮಣ್ಣೇ ಬೇಕು ಎಂದು ಹಿರಿಯರು ಹುಡುಕಿ ತರುತ್ತಿದ್ದುದಕ್ಕೆ ಕಾರಣ ಇದೇ. ಸುತ್ತಲಿನ ಮೇಲ್ಮಣ್ಣಿನಲ್ಲಿ ಇಲ್ಲದ ಜಿಗುಟು ಅದರಲ್ಲಿರುತ್ತದೆ.

ಕೆಂಪು ಜೇಡಿ ನೋಡುವವರನ್ನು ಒಂದು ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಕಬ್ಬಿಣದ ಆಕ್ಸೈಡು ಜೇಡಿ ಕಣಗಳನ್ನು ಬೆಸೆದು ಪುಟ್ಟ ಗುಳಿಗೆಗಳನ್ನಾಗಿ ಮಾಡಿರುತ್ತದೆ. ಅದರಿಂದ ಒಣ ಮಣ್ಣನ್ನು ಬೆರಳಲ್ಲಿ ಉಜ್ಜಿದಾಗ ಮರಳಿನಂತೆಯೇ ಅನಿಸುತ್ತದೆ. ನೀರು ಹಾಕಿ ಒಂದೆರಡು ನಿಮಿಷ ಚೆನ್ನಾಗಿ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಎಳೆದಾಗಲೇ ಒಳಗಿನ ಜೇಡಿ ಎಷ್ಟೆಂದು ಗೊತ್ತಾಗುವುದು. ಅವಸರದಲ್ಲಿ ಮುಟ್ಟಿ ನೋಡಿದವರು ‘ಮರಳು ಮಣ್ಣು’ ಎಂದು ಬರೆದುಕೊಂಡು ಹೋಗುತ್ತಾರೆ.

ಜೇಡಿ ಹೆಚ್ಚಿದೆ ಎಂದಮಾತ್ರಕ್ಕೆ ಇದು ಎರೆ ಭೂಮಿಯ ಹಾಗೆ ವರ್ತಿಸುವುದಿಲ್ಲ. ಎರೆಯ ಸ್ಮೆಕ್ಟೈಟ್ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಕೆಯೋಲಿನೈಟ್ ಉಬ್ಬುವುದಿಲ್ಲ, ಬಿರಿಯುವುದೂ ಅತ್ಯಲ್ಪ. ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಲ್ಲಿ ಸ್ಮೆಕ್ಟೈಟ್ ಎದುರು ಅದು ಹತ್ತನೇ ಒಂದು ಪಾಲಿನಷ್ಟೂ ಇಲ್ಲದಿರಬಹುದು. ಹಾಕಿದ ಸಾರಜನಕ ಜೋರು ಮಳೆಗೆ ಇಳಿದುಹೋಗುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಸಾವಯವ ಇಂಗಾಲ ಹೆಚ್ಚಿನ ಹೊಲಗಳಲ್ಲಿ ನೂರಕ್ಕೆ ಅರ್ಧ ಪಾಲೂ ಇಲ್ಲ. ಸತು, ಬೋರಾನ್ ಕೊರತೆ ಸಾಮಾನ್ಯ.

ಮೇಲ್ಪದರದ ಕಷ್ಟ ಬೇರೆ. ಸಾವಯವ ಅಂಶ ಕಡಿಮೆಯಾದ ಕೆಂಪು ಮಣ್ಣಿನ ಮೇಲೆ ದಪ್ಪ ಹನಿಯ ಮಳೆ ಬಿದ್ದರೆ ಹೆಂಟೆ ಒಡೆದು, ನಯವಾದ ಕಣ ರಂಧ್ರಗಳಿಗೆ ತುಂಬಿ, ಎರಡು ದಿನದ ಬಿಸಿಲಿಗೆ ಚಕ್ಕೆ ಕಟ್ಟುತ್ತದೆ. ರಾಗಿಯ ಮೊಳಕೆ ಅದನ್ನು ಒಡೆದು ಮೇಲೆ ಬರಲಾರದೆ ಒಳಗೇ ಬಾಗುತ್ತದೆ. ಮುಂದಿನ ಮಳೆ ಇಂಗದೆ ಹರಿದುಹೋಗುತ್ತದೆ, ಜೊತೆಗೆ ಮೇಲ್ಮಣ್ಣೂ ಹೋಗುತ್ತದೆ. ಕೂರಿಗೆ ಬಿತ್ತನೆಯ ನಂತರ ಕುಂಟೆ ಹಾಯಿಸುವುದು ಕಳೆ ಕೀಳಲು ಎಂದು ಎಲ್ಲರೂ ಹೇಳುತ್ತಾರೆ. ಈ ಚಕ್ಕೆ ಮುರಿದು ನೀರಿಗೆ ಬಾಯಿ ತೆರೆಯುವುದೂ ಅದರ ಅಷ್ಟೇ ಮುಖ್ಯವಾದ ಕೆಲಸ.

ಹಾಗಿದ್ದರೂ ಈ ನೆಲ ಶತಮಾನಗಳ ಕಾಲ ರಾಗಿ ಕೊಟ್ಟಿದೆ. ಹೇಗೆ? ಕೆಳಗಿನ ಜೇಡಿ ಪದರವೇ ಇದಕ್ಕೆ ಉತ್ತರದ ದೊಡ್ಡ ಭಾಗ. ಸೆಪ್ಟೆಂಬರ್ ಮಳೆಯಲ್ಲಿ ಅದು ತುಂಬಿಕೊಂಡ ತೇವವನ್ನು ರಾಗಿ ತೆನೆ ಕಟ್ಟುವಾಗ ಬಿಟ್ಟುಕೊಡುತ್ತದೆ. ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕುವ ತೊಗರಿ ಇನ್ನೂ ಆಳಕ್ಕೆ ಬೇರಿಳಿಸಿ, ರಾಗಿ ಕೊಯ್ದ ಮೇಲೂ ಅದೇ ತೇವದಲ್ಲಿ ಕಾಯಿ ಕಟ್ಟುತ್ತದೆ. ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗಾಡಿಗಟ್ಟಲೆ ತಂದು ದಿಣ್ಣೆ ಹೊಲಕ್ಕೆ ಚೆಲ್ಲುತ್ತಿದ್ದುದು, ಮಳೆ ಕೊಚ್ಚಿಕೊಂಡು ಹೋಗಿದ್ದ ಜೇಡಿಯನ್ನು ಮತ್ತೆ ಮೇಲಕ್ಕೆ ಏರಿಸುವ ಕ್ರಮವಾಗಿತ್ತು. ಕೊಟ್ಟಿಗೆ ಗೊಬ್ಬರದ ಮಹತ್ವವನ್ನಂತೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದ ದೀರ್ಘಾವಧಿ ರಾಗಿ ಪ್ರಯೋಗ ಖಚಿತವಾಗಿ ತೋರಿಸಿದೆ. ರಸಗೊಬ್ಬರವೊಂದನ್ನೇ ನೆಚ್ಚಿದ ತಾಕುಗಳು ವರ್ಷ ಕಳೆದಂತೆ ಸೊರಗಿದವು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ರಸಗೊಬ್ಬರ ಕಂಡ ತಾಕುಗಳು ಇಳುವರಿ ಉಳಿಸಿಕೊಂಡವು.

ಮಣ್ಣನ್ನು ವಿಂಗಡಿಸುವ ಕೆಲಸ ಇಲ್ಲಿ ಹೊಸದಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ರೈತರ ಬಾಯಿಂದಲೇ ಎರೆ, ಕೆಬ್ಬೆ, ಮರಳು ಎಂಬ ಹೆಸರುಗಳನ್ನು ಕೇಳಿ ಬರೆದುಕೊಂಡರು. ಕೆಬ್ಬೆ ಎಂದರೆ ಈ ಕೆಂಪು ನೆಲವೇ. ಮುಂದೆ ಕಂದಾಯ ಸರ್ವೆಯವರು ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ಆಣೆಗಳ ಲೆಕ್ಕದಲ್ಲಿ ದರ್ಜೆ ಕಟ್ಟಿದರು. ಕಂದಾಯ ಕಟ್ಟಿಸಿಕೊಳ್ಳುವುದೇ ಅವರ ಗುರಿಯಾಗಿದ್ದರೂ ಆಳವನ್ನು ಅವರು ಮರೆಯಲಿಲ್ಲ. ಇಂದಿನ ಪಹಣಿಗಿಂತ ಆ ದರ್ಜೆಪಟ್ಟಿಯೇ ಹೆಚ್ಚು ಹೇಳುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಈಗ ನಾವು ಬಳಸುವ ವರ್ಗೀಕರಣ ಅಮೆರಿಕದ ಕೃಷಿ ಇಲಾಖೆ 1975ರಲ್ಲಿ ಪ್ರಕಟಿಸಿದ್ದು. ಪ್ರಪಂಚದ ಮಣ್ಣುಗಳನ್ನು ಅದು ಇಂದು 12 ದೊಡ್ಡ ಗಣಗಳಾಗಿ ವಿಂಗಡಿಸುತ್ತದೆ. ಕೊನೆಯ ಮೆಟ್ಟಿಲು ‘ಸರಣಿ’. ಒಂದು ಮಣ್ಣನ್ನು ಮೊದಲು ಗುರುತಿಸಿ ವಿವರಿಸಿದ ಊರಿನ ಹೆಸರೇ ಅದಕ್ಕೆ. ಜಿಕೆವಿಕೆ ಹೊಲಗಳ ಮಣ್ಣು ‘ವಿಜಯಪುರ ಸರಣಿ’ಗೆ ಸೇರಿದ್ದು. ಇದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ಗೋಲಗುಂಬಜಿನ ಎರೆ ನಾಡಲ್ಲ. ಹಳೆಯ ವರದಿಗಳು ಇದನ್ನು ‘ಆಕ್ಸಿಕ್ ಹ್ಯಾಪ್ಲುಸ್ಟಾಲ್ಫ್’ ಎಂದರೆ, ನಂತರದವು ‘ಕ್ಯಾಂಡಿಕ್ ಪೇಲಿಯುಸ್ಟಾಲ್ಫ್’ ಎನ್ನುತ್ತವೆ. ಹೆಸರು ಬಾಯಿಗೆ ಕಷ್ಟವಾದರೂ ಅದರ ಒಂದೊಂದು ತುಂಡೂ ಹೊಲದ ಬಗ್ಗೆ ಒಂದು ಮಾತು ಹೇಳುತ್ತದೆ. ಕೊನೆಯ ‘ಆಲ್ಫ್’ ಆಲ್ಫಿಸಾಲ್ ಗಣದ್ದು: ಕೆಳಗೆ ಜೇಡಿ ಶೇಖರವಾಗಿದೆ, ಸುಣ್ಣ ಮೆಗ್ನೀಷಿಯಂನಂಥ ಪ್ರತ್ಯಾಮ್ಲಗಳು ಪೂರ್ತಿ ತೊಳೆದುಹೋಗಿಲ್ಲ, ನೂರಕ್ಕೆ 35ಕ್ಕಿಂತ ಕಡಿಮೆಯಾಗಿಲ್ಲ. ‘ಉಸ್ಟ್’ ಎಂದರೆ ಮುಂಗಾರಿನ ತೇವ ಕಂಡು ಉಳಿದ ಕಾಲ ಒಣಗುವ ನೆಲ. ‘ಪೇಲಿ’ ಎಂದರೆ ಬಹುಕಾಲ ಮಾಗಿ, ಆಳಕ್ಕೆ ಹೋದರೂ ಜೇಡಿ ಅಷ್ಟಾಗಿ ಇಳಿಯದ ಹಳೆಯ ಮಣ್ಣು. ‘ಕ್ಯಾಂಡಿಕ್’ ಎಂದರೆ ಆ ಜೇಡಿಗೆ ಪೋಷಕಾಂಶ ಹಿಡಿಯುವ ಶಕ್ತಿ ಕಡಿಮೆ, ಒಂದು ಕಿಲೋ ಜೇಡಿಗೆ 24 ಸೆಂಟಿಮೋಲ್‌ಗಿಂತ ಕೆಳಗೆ. ಇಷ್ಟನ್ನು ಓದಬಲ್ಲ ಕೃಷಿ ಅಧಿಕಾರಿ ಆ ಹೊಲಕ್ಕೆ ಗೊಬ್ಬರವನ್ನು ಒಮ್ಮೆಲೇ ಸುರಿಯಿರಿ ಎಂದು ಹೇಳಲಾರರು. ಕಂತಿನಲ್ಲಿ ಕೊಡಿ ಎನ್ನುತ್ತಾರೆ.

ಇದೇ ಕೆಂಪು ಮಣ್ಣು ಮಳೆ ಬಹಳ ಹೆಚ್ಚಿರುವ ಮಲೆನಾಡಿನ ಇಳಿಜಾರುಗಳಲ್ಲಿ ಪ್ರತ್ಯಾಮ್ಲಗಳನ್ನು ಕಳೆದುಕೊಂಡು ಅಲ್ಟಿಸಾಲ್ ಗಣಕ್ಕೆ ಹೋಗುತ್ತದೆ. ಅಲ್ಲಿ ಸುಣ್ಣ ಹಾಕದೆ ಕಾಫಿ ನಿಲ್ಲುವುದು ಕಷ್ಟ. ಕರಾವಳಿಯ ಮುರಕಲ್ಲು ಮತ್ತೊಂದು ಕಥೆ. ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ಕಂಡು ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಅದಕ್ಕೇ. ಕೆಂಪಾಗಿದ್ದುದೆಲ್ಲ ಲ್ಯಾಟರೈಟ್ ಎಂದು ಈಗಲೂ ಬರೆಯುವುದುಂಟು. ದೇವನಹಳ್ಳಿಯ ಕೆಮ್ಮಣ್ಣಿಗೂ ಮಂಗಳೂರಿನ ಮುರಕಲ್ಲಿಗೂ ಬಣ್ಣದ ನಂಟು ಬಿಟ್ಟರೆ ಹೆಚ್ಚೇನಿಲ್ಲ.

ಉಬ್ಬದ, ಬಿರಿಯದ ಕೆಯೋಲಿನೈಟ್ ಇನ್ನೊಂದು ಅಪಾಯವನ್ನೂ ತಂದಿದೆ. ಕಟ್ಟಡದ ಪಾಯಕ್ಕೆ ಈ ದಿಣ್ಣೆ ನೆಲ ಬಹಳ ಅನುಕೂಲ: ನೀರು ನಿಲ್ಲುವುದಿಲ್ಲ, ಗೋಡೆ ಸೀಳುವುದಿಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲಿನ ಆಳವಾದ ಕೆಂಪು ಹೊಲಗಳು ಲೇಔಟುಗಳಾಗುತ್ತಿರುವ ವೇಗ ಎಲ್ಲರ ಕಣ್ಣೆದುರಿಗಿದೆ. ಒಂದಡಿ ಗರಸಿನ ದಿಬ್ಬಕ್ಕೂ ಐದಡಿ ಜೇಡಿಯ ಹೊಲಕ್ಕೂ ಪಹಣಿಯಲ್ಲಿ ಒಂದೇ ಪದ ಇರುವಾಗ ಯಾವುದನ್ನು ಉಳಿಸಬೇಕೆಂದು ಕೇಳಲು ಕಾಗದದಲ್ಲಿ ಆಧಾರವೇ ಸಿಗುವುದಿಲ್ಲ.

2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡ್ ಒಳ್ಳೆಯ ಹೆಜ್ಜೆ. ರಸಸಾರದಿಂದ ಬೋರಾನ್‌ವರೆಗೆ 12 ಅಂಶಗಳನ್ನು ಅದು ಹೇಳುತ್ತದೆ. ಆದರೆ ಮಾದರಿ ತೆಗೆಯುವುದು ಮೇಲಿನ ಅರ್ಧ ಅಡಿಯಲ್ಲಿ. ಜೇಡಿ ಎಷ್ಟು, ಅದು ಎಷ್ಟು ಆಳದಲ್ಲಿ ಶುರುವಾಗುತ್ತದೆ, ಹೊಲ ಇಳಿಜಾರಿನ ಯಾವ ಜಾಗದಲ್ಲಿದೆ ಎಂಬುದು ಆ ಹನ್ನೆರಡರಲ್ಲಿಲ್ಲ. ಸುಜಲಾ-3 ಜಲಾನಯನ ಅಭಿವೃದ್ಧಿ ಯೋಜನೆಯಲ್ಲಿ ರಾಜ್ಯದ 11 ಜಿಲ್ಲೆಗಳ ಆಯ್ದ ಕಿರುಜಲಾನಯನಗಳಿಗೆ ಸರ್ವೆ ನಂಬರ್ ಮಟ್ಟದ ಭೂಸಂಪನ್ಮೂಲ ಸಮೀಕ್ಷೆ ನಡೆದು, ಗುಂಡಿ ತೋಡಿ ಈ ವಿವರಗಳನ್ನೆಲ್ಲ ದಾಖಲಿಸಲಾಗಿದೆ. ಅಂದರೆ ನಮ್ಮಲ್ಲಿ ವಿದ್ಯೆಯೂ ಇದೆ, ವಿಧಾನವೂ ಇದೆ. ಅದು ರಾಜ್ಯದ ಎಲ್ಲ ಹಳ್ಳಿಗಳಿಗೂ ಬರಬೇಕು, ‘ಮಣ್ಣಿನ ನಮೂನೆ’ ಕಾಲಂನಲ್ಲಿ ಬಣ್ಣದ ಜೊತೆಗೆ ಆಳ, ಜೇಡಿಯ ಪ್ರಮಾಣ ಮತ್ತು ಸರಣಿಯ ಹೆಸರೂ ಸೇರಬೇಕು. ಅದು ಬರುವವರೆಗೆ ಕಾಯಬೇಕಿಲ್ಲ. ಮಾವು, ಹಲಸು, ಸಪೋಟ ನೆಡಲು ಗುಂಡಿ ತೆಗೆಸುವವರು ಒಂದನ್ನಾದರೂ ನಾಲ್ಕಡಿ ಇಳಿಸಿ, ಪದರ ಪದರವಾಗಿ ಮಣ್ಣು ತೆಗೆದು ನೀರಲ್ಲಿ ನಾದಿ ನೋಡಿ. ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ಕೊಂಡೊಯ್ಯುವಾಗ ಮೇಲ್ಮಣ್ಣಿನ ಚೀಲದ ಜೊತೆಗೆ ಎರಡಡಿ ಕೆಳಗಿನ ಮಣ್ಣಿನ ಚೀಲವನ್ನೂ ಒಯ್ಯಿರಿ, ಜೇಡಿಯ ಪ್ರಮಾಣ ಎಷ್ಟೆಂದು ಕೇಳಿ ಬರೆಸಿಕೊಳ್ಳಿ.