ಮಲ್ಪೆ ಕಡಲಲ್ಲಿ ಆರು ಮೂಲೆಯ ಕಲ್ಲು

ಐದು ಮೂಲೆ, ಆರು ಮೂಲೆ, ಮತ್ತೆ ಆರು, ಅಗೋ ಅಲ್ಲೊಂದು ಏಳು! ಕಾಲಿಟ್ಟಲ್ಲೆಲ್ಲ ಮೂಲೆಗಳುಳ್ಳ ಕಲ್ಲು. ಕೆಲವು ಮೊಣಕಾಲೆತ್ತರಕ್ಕೇ ಮುರಿದಿವೆ, ಕೆಲವು ಆಳೆತ್ತರ, ಇನ್ನು ಕೆಲವು 6 ಮೀಟರ್‌ನಷ್ಟು ಎದ್ದು ನಿಂತು, ನೆತ್ತಿ ನೋಡಬೇಕೆಂದರೆ ಕತ್ತೆತ್ತಬೇಕು. ನಡುವೆ ಗಾರೆಯಿಲ್ಲ, ಸಂದಿಯಿಲ್ಲ. ಒಂದರ ಮೈಗೊಂದು ಒತ್ತಿಕೊಂಡು ಸಾಲುಸಾಲಾಗಿ ಇಳಿಯುತ್ತ ಇಳಿಯುತ್ತ ಅರಬ್ಬೀ ಸಮುದ್ರದ ನೀರಿನಲ್ಲಿ ಮುಳುಗಿಹೋಗಿವೆ. "ತಮ್ಮಾ, ಇವನ್ನ ಯಾರ್ ಕಡದು ನಿಂದ್ರಿಸ್ಯಾರೋ?" ಎಂದರು ನಮ್ಮ ಗೊಬ್ಬೂರಿನಿಂದ ಜೊತೆಗೆ ಬಂದಿದ್ದ ಕಾಕಾ. "ಯಾರೂ ಇಲ್ರಿ ಕಾಕಾ, ತಾವಾ ನಿಂತಾವ" ಎಂದೆ. ಅವರು ನಂಬಲಿಲ್ಲ. ಆ ಕಲ್ಲುಗಳೆದುರು ನಿಂತಾಗ ನನಗೇ ನನ್ನ ಮಾತಿನ ಮೇಲೆ ಅನುಮಾನ ಬಂತು.

ಇದು ಸೇಂಟ್ ಮೇರೀಸ್ ದ್ವೀಪ. ಉಡುಪಿಯ ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ದೂರದ, ನಾಲ್ಕು ಪುಟ್ಟ ದ್ವೀಪಗಳ ಗುಂಪು. ಪ್ರವಾಸಿಗರ ಬೋಟು ಹೋಗುವುದು ಅವುಗಳಲ್ಲಿ ತೆಂಗಿನ ಮರಗಳಿರುವ, ಕೋಕನಟ್ ಐಲ್ಯಾಂಡ್ ಎಂದು ಹೆಸರಾದ ದ್ವೀಪಕ್ಕೆ.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ನಮಗೆ ನಡುಗಡ್ಡೆ ಎಂದರೆ ಕುರವಪುರ. ಕೃಷ್ಣೆಯ ಮಧ್ಯದ ಆ ಊರಲ್ಲಿದ್ದ ದತ್ತಾವತಾರಿ ಶ್ರೀಪಾದ ಶ್ರೀವಲ್ಲಭರೇ ಮರಳಿ ನೃಸಿಂಹ ಸರಸ್ವತಿಯಾಗಿ ಬಂದು ನಮ್ಮ ಗಾಣಗಾಪುರದಲ್ಲಿ, ಭೀಮಾ-ಅಮರ್ಜಾ ಸಂಗಮದ ಹತ್ತಿರ ನೆಲೆಸಿದರೆಂಬುದು ಭಕ್ತರ ನಂಬಿಕೆ. ಹೊಳೆ ಎಷ್ಟೇ ತುಂಬಿ ಬರಲಿ, ಆಚೆ ದಂಡೆ ಕಣ್ಣಿಗೆ ಬೀಳುತ್ತದೆ. ಇಲ್ಲಿ ಆಚೆ ದಂಡೆ ಎಂಬುದೇ ಇಲ್ಲ! ನಮ್ಮ ಬೋಟು ಹೊರಟಂತೆ ಮಲ್ಪೆಯ ಮೀನುಬೋಟುಗಳು, ಡೀಸೆಲ್ ವಾಸನೆ, ಬಂಗುಡೆ ತುಂಬಿದ ಬುಟ್ಟಿ, ಆ ಬುಟ್ಟಿಯ ಮೇಲೇ ಕಣ್ಣಿಟ್ಟು ಸುತ್ತುವ ಗರುಡ, ಎಲ್ಲವೂ ಹಿಂದೆ ಉಳಿದವು. ನೀರಿನ ಬಣ್ಣ ಕಂದಿನಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ತಿರುಗಿತು. ಬೋಟು ಒಮ್ಮೆ ಮೇಲೆದ್ದು ಧೊಪ್ಪನೆ ಕೆಳಗಿಳಿದಾಗ ಕಾಕಾ ಎರಡೂ ಕೈಯಿಂದ ಸರಳು ಹಿಡಿದುಕೊಂಡು "ದತ್ತಾ, ದತ್ತಾ" ಎಂದರು. "ಎದ್ದು ನಿಲ್ಲಬೇಡಿ ಮಾರಾಯ್ರೆ, ಏನೂ ಆಗುವುದಿಲ್ಲ" ಎಂದು ಬೋಟಿನ ಹುಡುಗ ನಕ್ಕ. ದ್ವೀಪದ ಹತ್ತಿರ ಬಂಡೆಗಳಿವೆ, ನೀರು ಆಳವಿಲ್ಲ. ಹಾಗಾಗಿ ದೊಡ್ಡ ಬೋಟಿನಿಂದ ಸಣ್ಣದಕ್ಕೆ ದಾಟಿಕೊಂಡು, ಕೊನೆಗೆ ಧೋತರ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದು ದಡ ಸೇರಿದೆವು.

ದಡದಲ್ಲಿ ಮರಳು ಹುಡುಕಿದರೆ ಕಡಿಮೆ, ಚಿಪ್ಪೇ ಹೆಚ್ಚು! ಬಿಳಿ, ಗುಲಾಬಿ, ಹುಲಿಪಟ್ಟೆಯವು, ಉಗುರಿನಷ್ಟು ಚಿಕ್ಕವು, ಅಲೆ ಅರೆದು ಪುಡಿಮಾಡಿದವು. ಕಾಲಡಿಯಲ್ಲಿ ಕರಕರ ಸದ್ದು.

ಇದನ್ನು ಚಾರಣ ಎಂದರೆ ಕುದುರೆಮುಖ ಹತ್ತಿದವರು ನಗಬಹುದು. ದ್ವೀಪದ ಉದ್ದ ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್ ಆಸುಪಾಸು, ಎತ್ತರದ ನೆಲವೂ ಸಮುದ್ರಮಟ್ಟದಿಂದ 10 ಮೀಟರ್ ಅಷ್ಟೆ. ಆದರೆ ತೆಂಗಿನ ತೋಪಿನ ನೆರಳು ದಾಟಿ ಬಂಡೆಗಳ ಕಡೆಗೆ ನಡೆದು ನೋಡಿ. ಒಂದು ಕಂಬದ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಕಾಲಿಡಬೇಕು, ಪಾಚಿ ಇದೆಯೇ ಎಂದು ಮುಟ್ಟಿ ನೋಡಬೇಕು, ಅಲೆ ಬಂದರೆ ನಿಲ್ಲಬೇಕು. ಹೆಜ್ಜೆಗೊಂದು ಅಚ್ಚರಿ ಎದುರಾಗುವಲ್ಲಿ ಅರ್ಧ ಕಿಲೋಮೀಟರ್ ಅರ್ಧ ದಿನ ತಿನ್ನುತ್ತದೆ. ಎಷ್ಟೋ ಮಂದಿ ಇದೇ ಕಂಬಗಳಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಂಡು ಮುಂದಿನ ಬೋಟಿಗೆ ಓಡುತ್ತಿದ್ದರು. ಬೆನ್ನ ಹಿಂದೆ ಏನಿದೆ ಎಂದು ಕೂಗಿ ಹೇಳೋಣವೆನ್ನಿಸಿತು!

ಬೆನ್ನ ಹಿಂದಿದ್ದದ್ದು ಲಾವಾ. ಭೂಮಿಯ ಹೊಟ್ಟೆಯಿಂದ ಹೊರಬಂದು ಹರಡಿದ ಬೆಂಕಿರಸ. ಹಲವರು ಇದನ್ನು ಬಸಾಲ್ಟ್ ಎನ್ನುತ್ತಾರೆ. ಭೂವಿಜ್ಞಾನಿಗಳ ಪ್ರಕಾರ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಶಿಲೆ. ರಸ ನಿಧಾನಕ್ಕೆ ಆರುತ್ತದೆ, ಆರಿದಂತೆ ಕುಗ್ಗುತ್ತದೆ, ಕುಗ್ಗಿದಾಗ ಮೈ ಎಳೆದುಕೊಂಡು ಸೀಳುತ್ತದೆ. ಒಂದು ಬಿಂದುವಿನಿಂದ ಮೂರು ದಿಕ್ಕಿಗೆ ಸಮನಾಗಿ ಸೀಳಿದರೆ ಎಳೆತ ಎಲ್ಲ ಕಡೆಗೂ ಹದವಾಗಿ ಸಡಿಲುತ್ತದೆ. ಅಂಥ ಸೀಳುಗಳು ಒಂದಕ್ಕೊಂದು ಕೂಡಿಕೊಂಡಾಗ ಷಟ್ಕೋನ ಮೂಡುತ್ತದೆ. ತಂಪು ಒಳಗಿಳಿದಂತೆ ಸೀಳೂ ಒಳಗಿಳಿಯುತ್ತದೆ, ನೆಟ್ಟಗೆ, ಪದರದ ಆಳದವರೆಗೆ. ಹೀಗೆ ಕಂಬ ತಾನೇ ತಾನಾಗಿ ಬಿಡಿಯಾಗುತ್ತದೆ. ಅಳತೆಗೋಲಿಲ್ಲ, ಉಳಿಯಿಲ್ಲ!

ಇಷ್ಟನ್ನು ನಾನು ಹೇಳಿ ಮುಗಿಸುವ ಮೊದಲೇ ಕಾಕಾ ಒಂದು ಕಂಬದ ನೆತ್ತಿ ಸವರುತ್ತ ಅಂದರು: "ಅಂದ್ರ ನಮ್ಮ ಎರಿ ಹೊಲ ಬ್ಯಾಸಿಗ್ಯಾಗ ಬಿರಕ ಬಿಡ್ತದಲ್ಲ, ಹಂಗ ಅನ್ನು."

ಹಂಗೇ! ತೊಗರಿ ಕೊಯ್ದು ಖಾಲಿ ಬಿಟ್ಟ ಗೊಬ್ಬೂರಿನ ಎರೆಹೊಲವನ್ನು ಏಪ್ರಿಲ್‌ನಲ್ಲಿ ನೋಡಿದವರಿಗೆ ಇದು ಥಟ್ಟನೆ ಹೊಳೆಯಬೇಕು. ಮಳೆಗೆ ಉಬ್ಬಿದ ಜೇಡಿ ಬಿಸಿಲಿಗೆ ಕುಗ್ಗಿ, ಕೈ ಇಳಿಯುವಷ್ಟು ಆಳಕ್ಕೆ ಬಾಯಿ ಬಿಡುತ್ತದೆ. ಅಲ್ಲಿ ನೀರು ಆರಿ ಸೀಳು, ಇಲ್ಲಿ ಬೆಂಕಿ ಆರಿ ಸೀಳು. ನಿಯಮ ಒಂದೇ. ಭೂವಿಜ್ಞಾನದ ಪುಟಗಟ್ಟಲೆ ವಿವರಣೆಯನ್ನು ರೈತ ಒಂದು ಸಾಲಿನಲ್ಲಿ ಮುಗಿಸಿಬಿಟ್ಟ!

ಇನ್ನು ಕಾಲದ ಲೆಕ್ಕ. ಸೇಂಟ್ ಮೇರೀಸ್‌ನ ಲಾವಾ ಹರಿದದ್ದು ಹತ್ತಿರಹತ್ತಿರ 8.8 ಕೋಟಿ ವರ್ಷಗಳ ಹಿಂದೆ. ಆಗ ಇದು ದ್ವೀಪವಲ್ಲ, ಭಾರತಕ್ಕೆ ಈ ಪಶ್ಚಿಮ ಕರಾವಳಿಯೂ ಇಲ್ಲ. ಮಲ್ಪೆಯಿರುವ ಈ ಅಂಚಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು! ಎರಡೂ ಕೂಡಿ ಭೂಮಧ್ಯರೇಖೆಯ ದಕ್ಷಿಣಕ್ಕೆ ಎಲ್ಲೋ ದೂರದಲ್ಲಿದ್ದವು, ನೆಲದ ಮೇಲೆ ಡೈನೋಸಾರ್‌ಗಳಿದ್ದವು. ಕೆಳಗಿನ ಕಾವಿಗೆ ನೆಲ ಹಿಗ್ಗಿ ಬಿರಿದು ಮಡಗಾಸ್ಕರ್ ಬೇರೆಯಾಯಿತು. ಆ ಬೇರ್ಪಡಿಕೆಯ ಗಾಯದಲ್ಲಿ ಉಕ್ಕಿದ ರಸ ನಮ್ಮ ಕಾಲಡಿಯ ಈ ಕಂಬಗಳು. ಇದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಕಡಲಾಚೆ ಮಡಗಾಸ್ಕರ್‌ನಲ್ಲೂ ಇವೆ.

ನಮ್ಮ ಕಡೆಯ ಕರಿಕಲ್ಲು? ಅದೂ ಲಾವಾನೇ, ಆದರೆ ಬೇರೆ ಕಥೆ. ದಖ್ಖನ್ ಟ್ರ್ಯಾಪ್ ಎಂದು ಕರೆಯುವ ಆ ಬಸಾಲ್ಟ್ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲಕ್ಕೆ. ಮಹಾರಾಷ್ಟ್ರವನ್ನು ಬಹುಪಾಲು ಮುಚ್ಚಿ, ಆಳಂದ, ಅಫಜಲಪುರದವರೆಗೂ ಚಾಚಿದ ಆ ಪದರವೇ ಸವೆದು ಸವೆದು ನಾವು ಜೋಳ, ತೊಗರಿ ಬಿತ್ತುವ ಎರೆಯಾಗಿದೆ. ಅಂದರೆ ಕಾಕಾ ನಿಂತಿದ್ದ ಕಲ್ಲು ಅವರ ಹೊಲದ ಕಲ್ಲಿಗಿಂತ ಎರಡು ಕೋಟಿ ವರ್ಷಕ್ಕೂ ಹೆಚ್ಚು ಹಿರಿಯದು! ಇನ್ನೊಂದು ಸೋಜಿಗ ಕೇಳಿ: ನಮ್ಮ ಎರೆಗೆ ಕಲ್ಲು ಕೊಟ್ಟ ಭೂಮಿಯಾಳದ ಬಿಸಿಯ ಚಿಲುಮೆ ಇನ್ನೂ ಆರಿಲ್ಲ ಎನ್ನುತ್ತಾರೆ ವಿಜ್ಞಾನಿಗಳು. ಭಾರತ ಉತ್ತರಕ್ಕೆ ಸರಿದು ಬಂತು, ಚಿಲುಮೆ ಹಿಂದೆ ಉಳಿಯಿತು. ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದ ಜ್ವಾಲಾಮುಖಿಯನ್ನು ಇವತ್ತಿಗೂ ಉಕ್ಕಿಸುತ್ತಿರುವುದು ಅದೇ.

ಹೆಸರಿನ ಕಥೆ ಇದರ ಮುಂದೆ ತೀರ ಇತ್ತೀಚಿನದು. 1498ರಲ್ಲಿ ವಾಸ್ಕೋ ಡ ಗಾಮ ಈ ಕಡಲಲ್ಲಿ ಸಾಗುವಾಗ ಇಲ್ಲಿ ಸಾಂತಾ ಮಾರಿಯಾ ಎಂಬ ಹೆಸರಲ್ಲಿ ಗುರುತಿನ ಕಂಬ ನೆಡಿಸಿದನಂತೆ. ಇಷ್ಟು ಕಂಬಗಳಿರುವ ಜಾಗಕ್ಕೆ ಮತ್ತೊಂದು ಕಂಬ ತಂದ ಪುಣ್ಯಾತ್ಮ!

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಕಂಬಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಉತ್ತರ ಐರ್ಲೆಂಡಿನಲ್ಲೂ ಇಂಥದೇ ಕಂಬಗಳ ಕರಾವಳಿ ಇದೆ. ಜೈಂಟ್ಸ್ ಕಾಸ್‌ವೇ ಎಂಬ ಅದನ್ನು ನೋಡಲು ಜಗತ್ತೇ ಹೋಗುತ್ತದೆ. ನಮ್ಮದು ಅದಕ್ಕಿಂತ ಹಳೆಯದು, ಕಲಬುರಗಿಯಿಂದ ರಾತ್ರಿ ಬಸ್ಸು ಹತ್ತಿದರೆ ತಲುಪುವಷ್ಟು ಹತ್ತಿರದ್ದು. ಕಲ್ಯಾಣ ಕರ್ನಾಟಕದ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಉಡುಪಿಗೆ ಕರೆತಂದಾಗ ಕೃಷ್ಣಮಠದ ಊಟದ ಜೊತೆಗೆ ಈ ಕಲ್ಲನ್ನೂ ತೋರಿಸಬೇಕು, ಎರೆಹೊಲದ ಬಿರುಕು ನೆನಪಿಸಿ ವಿವರಿಸಬೇಕು.

ಹೋಗುವವರು ಮಳೆಗಾಲ ಕಳೆದ ಮೇಲೆ, ಅಕ್ಟೋಬರ್‌ನಿಂದ ಮೇ ನಡುವೆ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುತ್ತದೆ, ಬೋಟು ಬಿಡುವುದಿಲ್ಲ. ರಾತ್ರಿ ಉಳಿಯಲು ಅವಕಾಶವಿಲ್ಲ. ಜಾರದ ಚಪ್ಪಲಿ ಇರಲಿ, ಅಲೆ ಬಡಿಯುವ ಬಂಡೆಯ ಅಂಚಿಗೆ ಮಕ್ಕಳನ್ನು ಬಿಡಬೇಡಿ. ನೀರಿನ ಬಾಟಲಿ ಒಯ್ದರೆ ವಾಪಸ್ ತನ್ನಿ, ಕಲ್ಲಿನ ಚೂರನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.